ಮೊಳೆಗೆ ನೇತುಹಾಕಿದ್ದ ಬ್ರೇಕ್ ಕೊಂಡಿ

ಇವತ್ತು ಮೊಬೈಲಿನಲ್ಲಿ ಹಳೆಯ ಟ್ರ್ಯಾಕ್ಟರೊಂದರ ಜಾಹೀರಾತು ಬಂತು. ನಲವತ್ತೆರಡು ಎಚ್‌ಪಿ, ಪವರ್ ಸ್ಟೀರಿಂಗ್, ಆಯಿಲ್ ಬ್ರೇಕ್, ಹಿಂದಿನ ಟೈರ್ ಹೊಸವು. ಫೋಟೋದಲ್ಲಿ ನನ್ನ ಕಣ್ಣು ಹೋದದ್ದು ಬ್ರೇಕ್ ಪೆಡಲ್‌ಗಳ ಮೇಲೆ.

ನಾನು ಚಿಕ್ಕವಳಿದ್ದಾಗ ಅಪ್ಪ ಹೊನ್ನಾಳಿಯಿಂದ ಇಂಥದ್ದೇ ಹಳೆಯ ಗಾಡಿ ತಂದಿದ್ದರು. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಬ್ರೇಕ್. ಕೆಸರುಗದ್ದೆಯಲ್ಲಿ ಒಂದನ್ನೇ ಒತ್ತಿದರೆ ಗಾಡಿ ನಿಂತಲ್ಲೇ ತಿರುಗುತ್ತಿತ್ತು. ರಸ್ತೆಗೆ ಬಂದಾಗ ಎರಡೂ ಚಕ್ರ ಒಟ್ಟಿಗೆ ನಿಲ್ಲಲೆಂದು ಎರಡೂ ಪೆಡಲ್ ಸೇರಿಸಿ ಕೊಂಡಿ ಹಾಕಬೇಕಿತ್ತು. ಅಪ್ಪ ಆ ಕೊಂಡಿಯನ್ನೇ ಬಿಚ್ಚಿ ಅಡುಗೆಮನೆ ಬಾಗಿಲಿನ ಮೊಳೆಗೆ ನೇತುಹಾಕಿದರು.

"ಅಣ್ಣಾ, ರೋಡಿಗೆ ಬೇಕಾಗತೈತಲ್ಲ?" ಎಂದರು ಚಿಕ್ಕಪ್ಪ.

"ದಿನಕ್ಕೆ ಹತ್ತು ಸಲ ಹಾಕಾಕೆ, ತೆಗೆಯಾಕೆ ಯಾರಿಗೈತೋ ಪುರಸೊತ್ತು? ಎರಡನ್ನೂ ಒಟ್ಟಿಗೆ ತುಳಿ. ನಿನ್ನ ಕಾಲೇನು ಕೂಸಿನ ಕಾಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಂದು ದಿನ ಚಿಕ್ಕಪ್ಪ ಭತ್ತದ ಟ್ರೇಲರ್ ಕಟ್ಟಿಕೊಂಡು ನ್ಯಾಮತಿಗೆ ಹೊರಟರು. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತಂತೆ. ಗಾಬರಿಯಲ್ಲಿ ಒಂದೇ ಪೆಡಲ್ ತುಳಿದರು. ಗಾಡಿ ಪಕ್ಕಕ್ಕೆ ತಿರುಗಿ ಅವರ ಮೇಲೆಯೇ ಮಗುಚಿಕೊಂಡಿತು.

ಚಿಕ್ಕಪ್ಪನನ್ನು ಮಣ್ಣು ಮಾಡಲು ಬಂದವರೆಲ್ಲ ಎಮ್ಮೆಯನ್ನು ಬೈದರು. ಅಪ್ಪನೂ ಎಮ್ಮೆಯನ್ನೇ ಬೈದರು. ಚಿಕ್ಕಮ್ಮ ವರ್ಷಗಟ್ಟಲೆ ಆ ಮೊಳೆಯ ಪಕ್ಕದಲ್ಲೇ ಓಡಾಡಿದರು. ಅಲ್ಲಿ ನೇತಾಡುತ್ತಿದ್ದದ್ದು ಏನೆಂದು ಅವರಿಗೆ ಯಾರೂ ಹೇಳಲಿಲ್ಲ. ಗೊತ್ತಿದ್ದ ನಾನೂ ಹೇಳಲಿಲ್ಲ.

ಜಾಹೀರಾತಿನವರಿಗೆ ಫೋನ್ ಮಾಡಿದೆ. "ಬ್ರೇಕ್ ಪೆಡಲಿಗೆ ಕೊಂಡಿ ಕಾಣ್ತಿಲ್ಲವಲ್ರೀ?"

"ಬಿಚ್ಚಿಟ್ಟೀವಿ ಅಕ್ಕಾ, ಮನೇಲೇ ಎಲ್ಲೋ ಐತೆ. ಗದ್ದೆ ಗಾಡಿಗೆ ಅದೆಲ್ಲ ಯಾಕ್ರೀ?"

"ಹುಡುಕಿ ಹಾಕ್ರಿ," ಎಂದೆ. ಆತ ನಕ್ಕ, ಅವತ್ತು ನಾವೆಲ್ಲ ನಕ್ಕ ಹಾಗೆಯೇ.