ನೀರು ಬಂದ ದಿಕ್ಕು

ಹಾಲೆಂಡಿನ ವೂರ್‌ಬರ್ಗ್‌ನಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಇದ್ದರು. ಮೊಮ್ಮಕ್ಕಳು ಅವರನ್ನು ಆಜಿ ಎಂದು ಕರೆಯುತ್ತಿದ್ದರು. ನಾನು ಅಜ್ಜಿ ಎಂದೆ. ಎರಡರ ಅರ್ಥವೂ ಒಂದೇ ಎಂದು ತಿಳಿದ ದಿನ ಇಬ್ಬರೂ ನಕ್ಕಿದ್ದೆವು. ಅವರು ಬಾಯಿತುಂಬ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ನೂರ್ಡ್‌ವೈಕ್‌ನಲ್ಲಿ ಮೂರು ವರ್ಷದ ಕರಾರಿನ ಮೇಲೆ ಎಂಜಿನಿಯರ್ ಆಗಿದ್ದರು. ಬೆಳಿಗ್ಗೆ ಟ್ರೇನು, ಆಮೇಲೆ ಬಸ್ಸು ಹಿಡಿದು ಹೋದರೆ ಬರುವುದು ಸಂಜೆಗೆ. ನಾನು ಗದಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವಳು, ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ನನ್ನ ಪರ್ಮಿಟ್ಟಿನ ಮೇಲೆ ಕೆಲಸ ಮಾಡುವಂತಿರಲಿಲ್ಲ. ಮಕ್ಕಳೂ ಇರಲಿಲ್ಲ. ಮೊದಲ ವರ್ಷ ಪೂರ್ತಿ ಕಿಟಕಿಯಲ್ಲಿ ಕೂತು ಟ್ರಾಮ್ ಹೋಗುವುದನ್ನು ನೋಡಿದೆ.

ಅಜ್ಜಿಯ ಪರಿಚಯವಾದದ್ದು ಪಕ್ಕದ ಹೇಗ್ ನಗರದ ಮಾರ್ಕೆಟ್ಟಿನಲ್ಲಿ. ನಾನು ಹಾಗಲಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಮುದುಕಿ ನನ್ನ ಕೈಯಲ್ಲಿದ್ದುದನ್ನು ತೆಗೆದು ರಾಶಿಗೆ ಹಾಕಿ, ಬೇರೊಂದು ಕೊಟ್ಟು, ಹಿಂದಿಯಂಥ ಭಾಷೆಯಲ್ಲಿ "ಅದು ಬಲಿತಿದೆ" ಎಂದರು. ಒಂದೇ ಟ್ರಾಮ್ ಹತ್ತಿದೆವು, ಒಂದೇ ಸ್ಟಾಪಿನಲ್ಲಿ ಇಳಿದೆವು, ಒಂದೇ ಬಾಗಿಲ ಮುಂದೆ ನಿಂತು ಕೀಲಿಕೈ ತೆಗೆದೆವು. ಅವರು ಸುರಿನಾಮ್‌ನವರು. ಅವರ ಅಜ್ಜ ಗಂಗೆಯ ಬಯಲಿನ ಯಾವುದೋ ಹಳ್ಳಿಯಿಂದ ಕಲಕತ್ತೆಗೆ ಬಂದು, ಡಚ್ಚರ ಕಬ್ಬಿನ ತೋಟದಲ್ಲಿ ಐದು ವರ್ಷ ದುಡಿಯುವ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದ್ದವರು. ನನ್ನದು ಗದಗಿನ ಓಣಿಯ ಹಿಂದಿ, ಅವರದು ಡಚ್ ಬೆರೆತ ಭೋಜಪುರಿ. ಹೇಗೋ ನಡೆಯುತ್ತಿತ್ತು. ಅವರ ಮಾತನ್ನು ಇಲ್ಲಿ ನನಗೆ ತಿಳಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಭೂಗೋಳದ ಟೀಚರ್ ಎಂದು ಗೊತ್ತಾದ ಮೇಲೆ ಒಂದು ದಿನ ಕೇಳಿದರು. "ನಕಾಶೆ ಬರೆಯಲು ಬರುತ್ತಾ ನಿನಗೆ?"

"ಬರುತ್ತೆ."

"ನಮ್ಮೂರಿನದು ಬರೆದುಕೊಡು ಬೇಟಿ. ನಾನು ಹೇಳುತ್ತೇನೆ, ನೀನು ಬರಿ."

ಲೈಡನ್‌ನ ಒಂದು ಗ್ರಂಥಾಲಯಕ್ಕೆ ಹೋಗಿ, ಅವರ ಊರಿದ್ದ ನದಿಯ ಹಳೆಯ ನಕಾಶೆಯ ಫೋಟೋಕಾಪಿ ತಂದೆ. ದಕ್ಷಿಣ ಅಮೆರಿಕದ ಪಾಠವನ್ನು ಹತ್ತು ವರ್ಷ ಮಾಡಿದ್ದರೂ ಸುರಿನಾಮ್ ಬಗ್ಗೆ ನನಗೆ ಗೊತ್ತಿದ್ದದ್ದು ರಾಜಧಾನಿಯ ಹೆಸರು ಮತ್ತು ಬಾಕ್ಸೈಟ್, ಎರಡೇ. ಉಳಿದದ್ದನ್ನು ಅಜ್ಜಿಯ ಅಡುಗೆಮನೆಯ ಮೇಜಿನ ಮುಂದೆ ಕೂತು ಕಲಿತೆ. ದೇಶದ ತುಂಬ ಕಾಡು. ನದಿಗಳೆಲ್ಲ ದಕ್ಷಿಣದ ಬೆಟ್ಟಗಳಿಂದ ಇಳಿದು ಉತ್ತರದ ಸಮುದ್ರಕ್ಕೆ ಹರಿಯುತ್ತವೆ. ಒಳನಾಡಿನಲ್ಲಿ ಮೊದಲಿನಿಂದ ಇದ್ದ ಜನ, ಮತ್ತು ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋಗಿ ನದಿದಂಡೆಯಲ್ಲಿ ಊರು ಕಟ್ಟಿದ ಆಫ್ರಿಕದವರ ಸಂತತಿ. ಮಿಕ್ಕವರೆಲ್ಲ ಸಮುದ್ರದಂಚಿನ ಕೆಸರುನೆಲದ ಮೇಲೆ. ಆ ನೆಲ ಉಬ್ಬರದ ನೀರಿಗಿಂತ ತಗ್ಗು. ಡಚ್ಚರು ತಮ್ಮ ದೇಶದಲ್ಲಿ ಮಾಡಿದ್ದನ್ನೇ ಅಲ್ಲಿಯೂ ಮಾಡಿಸಿದ್ದರು. ಒಡ್ಡು, ಕಾಲುವೆ, ತೂಬು. ಅಗೆದವರು ಗುಲಾಮರು. ಗುಲಾಮಗಿರಿ ಹೋದ ಮೇಲೆ ಅದೇ ಕಾಲುವೆಗಳ ಹೂಳೆತ್ತಲು ಭಾರತದಿಂದ, ಜಾವಾದಿಂದ ಜನರನ್ನು ತಂದರು.

ಅಜ್ಜಿಯ ಅಜ್ಜ ದುಡಿದ, ಕೊಮ್ಮೆವೈನ ನದಿಯ ದಂಡೆಯ ಆ ತೋಟ ನಷ್ಟವಾಗಿ ಮುಚ್ಚಿದಾಗ, ಕರಾರು ಮುಗಿದರೂ ಊರಿಗೆ ಮರಳದವರಿಗೆ ಅದನ್ನು ಹಂಚಿದರು. ನದಿಗೆ ಮುಖಮಾಡಿದ ಕಿರಿದಾದ ಪಟ್ಟಿಗಳು, ಒಂದರ ಪಕ್ಕ ಒಂದು, ಹಿಂದಿನ ಜೌಗಿನವರೆಗೂ ಉದ್ದಕ್ಕೆ. ಪ್ರತಿ ಮನೆಯವರು ತಮ್ಮ ಪಾಲಿನ ಕಾಲುವೆಯನ್ನು ಶುಚಿ ಮಾಡಬೇಕು, ತಮ್ಮ ಪಾಲಿನ ಒಡ್ಡಿಗೆ ಮಣ್ಣು ಹಾಕಬೇಕು. ಒಬ್ಬರು ಬಿಟ್ಟರೆ ಪಕ್ಕದವರ ಗದ್ದೆಗೆ ನೀರು.

ಆ ಚಳಿಗಾಲ ವಾರಕ್ಕೆ ಮೂರು ಮಧ್ಯಾಹ್ನ ಕೂತೆವು. ಅಜ್ಜಿ ಕಣ್ಣು ಮುಚ್ಚಿ, ದೋಣಿ ನಿಲ್ಲುವ ಕಟ್ಟೆಯಿಂದ ನಡೆಯುತ್ತ ಬರುತ್ತಿದ್ದರು. ಇದು ಕ್ಷೌರಿಕನ ಮನೆ, ಬಾಗಿಲಿಗೆ ನೀಲಿ ಬಣ್ಣ. ಇದು ಉಗ್ಗುವ ಪಂಡಿತನದು, ಮಂತ್ರ ಹೇಳುವಾಗ ಮಾತ್ರ ಅವನಿಗೆ ಉಗ್ಗು ಬರುತ್ತಿರಲಿಲ್ಲ. ಇದು ಜಾವಾದ ವಿಧವೆಯದು, ಅವಳ ಬಾತುಕೋಳಿಗಳು ಎಲ್ಲರ ಭತ್ತದಲ್ಲೂ ಇಳಿಯುತ್ತಿದ್ದವು. ನಾನು ಪಟ್ಟಿಯೊಳಗೆ ಸಣ್ಣ ಅಕ್ಷರದಲ್ಲಿ ಹೆಸರು ಬರೆಯುತ್ತಿದ್ದೆ. ತಪ್ಪಾದರೆ ಅವರಿಗೆ ಸಿಟ್ಟು ಬರುತ್ತಿತ್ತು. ಕ್ಷೌರಿಕನ ಮಾವಿನಮರ ಕಾಲುವೆಯ ಈಚೆಗೋ ಆಚೆಗೋ ಎಂಬುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು.

ಗಂಡನಿಗೆ ಇದು ಅರ್ಥವಾಗಲಿಲ್ಲ.

"ಅಲ್ಲ, ಎಲ್ಲಾರೂ ಬಿಟ್ಟು ಬಂದ ಊರಿನ ನಕಾಶಿ ತಗೊಂಡು ಆ ಅಜ್ಜಿ ಏನ್ ಮಾಡತಾರ?"

"ಗೊತ್ತಿಲ್ರಿ. ನಾ ಕೇಳಿಲ್ಲ."

"ಮೊದಲ ಅದನ್ನ ಕೇಳಬೇಕಿತ್ತು."

ಕೇಳುವ ಪ್ರಸಂಗ ತಾನಾಗಿ ಬಂತು. ಎಲ್ಲ ಪಟ್ಟಿಗಳೂ ತುಂಬಿ ಕೊನೆಯ ಎರಡು ಉಳಿದವು. ಅಜ್ಜಿ ಎರಡು ವಾರ ಬೇರೆ ಬೇರೆ ನೆಪ ಹೇಳಿದರು. ಮೊಣಕಾಲು ನೋವು, ಮೊಮ್ಮಗಳಿಗೆ ಜ್ವರ. ಕಡೆಗೆ ಒಂದು ಮಧ್ಯಾಹ್ನ ಕಾಗದದ ಮೇಲೆ ಬೆರಳಿಟ್ಟರು.

"ಇದು ನಮ್ಮದು, ಕೊನೆಯದು. ಇದರಾಚೆ ತೊರೆ. ಬೇಸಿಗೆಯಲ್ಲಿ ಸಮುದ್ರದ ನೀರು ಏರಿ ಬರುವ ತೊರೆ. ಅದರ ಒಡ್ಡು ನಮ್ಮ ಪಾಲಿಗೆ ಬಂದಿತ್ತು. ನಮ್ಮ ಪಕ್ಕದ್ದು ನನ್ನ ಅಕ್ಕನದು."

ಆಮೇಲೆ ಹೇಳಿದರು. ದೇಶಕ್ಕೆ ಸ್ವಾತಂತ್ರ್ಯ ಬರುವ ಸುದ್ದಿ ಹಬ್ಬಿದಾಗ, ಅಷ್ಟರೊಳಗೆ ಹೋದವರಿಗೆ ಹಾಲೆಂಡಿನ ಬಾಗಿಲು ತೆರೆದಿರುತ್ತದೆ, ಆಮೇಲೆ ಇಲ್ಲ ಎಂದು ಎಲ್ಲರೂ ಆಡಿಕೊಂಡರಂತೆ. ಮನೆಗೊಬ್ಬರಂತೆ ಹೊರಟರು, ಆಮೇಲೆ ಮನೆಗೆ ಮನೆಯೇ ಹೊರಟಿತು. ಊರು ಬಿಡದೆ ಉಳಿದ ಅಕ್ಕನಿಗೆ ಅಜ್ಜಿ ಮಾತು ಕೊಟ್ಟಿದ್ದರು, ಬೆಳೆ ಕೊಯ್ದು, ಒಡ್ಡು ನೋಡಿಕೊಳ್ಳಲು ಒಬ್ಬರನ್ನು ಗೊತ್ತುಮಾಡಿಯೇ ಹೋಗುತ್ತೇನೆಂದು. ಮೊದಲೇ ಇಲ್ಲಿಗೆ ಬಂದಿದ್ದ ಅವರ ಗಂಡ ಟಿಕೆಟ್ ಕಳಿಸಿದ ವಾರದಲ್ಲಿ ಮಗಳ ಕೈ ಹಿಡಿದುಕೊಂಡು ವಿಮಾನ ಹತ್ತಿದರು. ಪೈರು ಗದ್ದೆಯಲ್ಲೇ ಇತ್ತು.

"ಅಕ್ಕನ ಮೊದಲ ಕಾಗದ ಆರು ತಿಂಗಳಿಗೆ ಬಂತು. ನಿಮ್ಮ ಒಡ್ಡಿನಲ್ಲಿ ಏಡಿಗಳು ತೂತು ಮಾಡಿವೆ, ಯಾರನ್ನಾದರೂ ಕಳಿಸು ಅಂತ. ಯಾರನ್ನು ಕಳಿಸಲಿ? ಊರಿನವರೆಲ್ಲ ಇಲ್ಲೇ ಇದ್ದರು, ಈ ಹೇಗ್‌ನಲ್ಲಿ. ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದರು. ನಾನು ಉತ್ತರ ಬರೆಯಲಿಲ್ಲ. ಎರಡನೆಯ ಕಾಗದದಲ್ಲಿ ಉಪ್ಪುನೀರಿಗೆ ಭತ್ತ ಕೆಂಪಗಾಗಿದೆ ಅಂತ ಒಂದೇ ಸಾಲಿತ್ತು. ಅದಕ್ಕೂ ಬರೆಯಲಿಲ್ಲ. ಮತ್ತೆ ಕಾಗದ ಬರಲಿಲ್ಲ."

ಅಕ್ಕ ಈಗ ಪಾರಾಮಾರಿಬೊ ಪಟ್ಟಣದಲ್ಲಿ ಮಗನ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ ಎಂದು ಅವರಿವರಿಂದ ತಿಳಿದಿತ್ತು. ನಕಾಶೆ ಅವರಿಗಾಗಿ. "ನಾನು ಯಾರನ್ನೂ ಮರೆತಿಲ್ಲ ಅಂತ ಅವಳಿಗೆ ಗೊತ್ತಾಗಲಿ" ಎಂದರು ಅಜ್ಜಿ.

ಬೇಸಿಗೆ ರಜೆಯಲ್ಲಿ ಅಜ್ಜಿಯ ಮಗಳು ಸಂಬಂಧಿಕರ ಮದುವೆಗೆ ಅಲ್ಲಿಗೆ ಹೊರಟರು. ಅವರು ಆಸ್ಪತ್ರೆಯೊಂದರಲ್ಲಿ ನರ್ಸ್, ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಾನು ನಕಾಶೆಯನ್ನು ಒಳ್ಳೆಯ ಕಾಗದದ ಮೇಲೆ ಮತ್ತೊಮ್ಮೆ ಮಸಿಯಲ್ಲಿ ಬರೆದು, ಹೆಸರುಗಳನ್ನು ದೊಡ್ಡದಾಗಿ ಕಾಣಿಸಿ, ರಟ್ಟಿನ ಕೊಳವೆಯಲ್ಲಿ ಸುತ್ತಿ ಕೊಟ್ಟೆ. ನನಗೆ ಹೆಮ್ಮೆಯಿತ್ತು. ಆ ದೇಶಕ್ಕೆ ಬಂದ ಮೇಲೆ ನಾನು ಮಾಡಿದ ಕೆಲಸ ಅದೊಂದೇ.

ಮೂರು ವಾರದ ನಂತರ ಮಗಳು ಆ ಕೊಳವೆ ಹಿಡಿದು ಕೆಳಗಿನ ಮನೆಗೆ ಹೋಗದೆ ನೇರ ನಮ್ಮ ಮನೆಗೆ ಬಂದರು.

"ದೊಡ್ಡಮ್ಮನಿಗೆ ಕಣ್ಣು ಕಾಣಿಸಲ್ಲ" ಎಂದರು. "ನಾನೇ ಓದಿ ಹೇಳಿದೆ, ಒಂದೊಂದೇ ಹೆಸರು. ಕೊನೆಯವರೆಗೂ ಕೇಳಿದರು. ಆಮೇಲೆ, ನೀರು ಯಾವ ಕಡೆಯಿಂದ ಬಂತು ಅಂತ ನಿನ್ನಮ್ಮ ಬರೆಸಿದ್ದಾಳಾ ಅಂತ ಕೇಳಿದರು."

"ನೀವೇನಂದಿರಿ?"

"ಇಲ್ಲ ಅಂದೆ. ಹಾಗಾದರೆ ತಗೊಂಡು ಹೋಗು ಅಂದರು."

ದೋಣಿ ಮಾಡಿಕೊಂಡು ಊರಿಗೂ ಹೋಗಿದ್ದರಂತೆ. ಫೋಟೋ ತೋರಿಸಿದರು. ಉಪ್ಪುನೀರಿನ ಕೆಸರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳು, ಒಣಗಿ ನಿಂತ ತೆಂಗಿನ ಬೊಡ್ಡೆಗಳು, ಬೇರು ಸುತ್ತಿಕೊಂಡ ಒಂದು ಇಟ್ಟಿಗೆಯ ಗೋಡೆ. ಅದು ತೂಬಿನದಿರಬೇಕು. ನನ್ನ ನಕಾಶೆಯ ಯಾವ ಗೆರೆಯೂ ಆ ಫೋಟೋಗಳಲ್ಲಿರಲಿಲ್ಲ.

"ಅಮ್ಮನಿಗೆ ಹೇಳಬೇಡಿ, ಪ್ಲೀಸ್. ದೊಡ್ಡಮ್ಮ ಇಟ್ಟುಕೊಂಡರು ಅಂತ ಹೇಳುತ್ತೇನೆ. ಇದು ನಿಮ್ಮ ಹತ್ತಿರ ಇರಲಿ."

ಕೊಳವೆಯನ್ನು ಬೀರುವಿನ ಹಿಂದೆ ಇಟ್ಟೆ. ಕೆಲವು ದಿನ ಅಜ್ಜಿಯ ಮನೆಗೆ ಹೋಗಲಿಲ್ಲ. ಅವರೇ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ಹಿಡಿದುಕೊಂಡು ನಡುವೆ ಎರಡು ಸಲ ನಿಂತದ್ದು ಒಳಗಿದ್ದ ನನಗೆ ಕೇಳಿಸಿತು.

"ಅಕ್ಕ ಏನಂದಳು?"

"ಸಂತೋಷಪಟ್ಟರಂತೆ."

"ನನ್ನ ಮಗಳು, ಅಕ್ಕ ಅತ್ತಳು ಅಂತಾಳೆ. ನೀನು ಸಂತೋಷಪಟ್ಟಳು ಅಂತೀಯ. ನನ್ನ ಅಕ್ಕ ಎರಡನ್ನೂ ಮಾಡುವವಳಲ್ಲ."

ನಾನು ನಿಜ ಹೇಳಿದೆ. ಹೇಳಬಾರದಿತ್ತು ಎಂದು ಈಗಲೂ ಕೆಲವು ಸಲ ಅನ್ನಿಸುತ್ತದೆ. ಹೇಳದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದೂ ತಿಳಿಯುವುದಿಲ್ಲ. ಅಜ್ಜಿ ಅಳಲಿಲ್ಲ. ನಕಾಶೆ ತರಲು ಹೇಳಿದರು. ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೂ ಬಟ್ಟಲು ಇಟ್ಟೆ.

"ನೀಲಿ ಪೆನ್ಸಿಲ್ ಇದೆಯಾ? ಬಾಣ ಹಾಕು. ತೊರೆಯಿಂದ ನಮ್ಮ ಗದ್ದೆಗೆ. ನಮ್ಮದರಿಂದ ಅಕ್ಕನ ಗದ್ದೆಗೆ."

ಹಾಕಿದೆ.

"ಅಲ್ಲಿಂದ ವಿಧವೆಯದಕ್ಕೆ. ಮುಂದೆ ಪಂಡಿತನದಕ್ಕೆ."

"ಅವರೂ ಬಿಟ್ಟು ಹೋಗಿದ್ದರಲ್ಲ ಅಜ್ಜಿ. ತಪ್ಪು ನಿಮ್ಮೊಬ್ಬರದೇ ಅಲ್ಲ."

"ನಾನು ಹೇಳಿದಷ್ಟು ಹಾಕು."

ದೋಣಿಕಟ್ಟೆಯವರೆಗೂ ಬಾಣ ಹಾಕಿಸಿದರು. ನಾನು ಕಷ್ಟಪಟ್ಟು ಬರೆದ ಹೆಸರುಗಳ ಮೇಲೆಲ್ಲ ನೀಲಿ ಹಾಯಿತು. ಮರುದಿನ ಅವರೂ ನಾನೂ ಪೋಸ್ಟಾಫೀಸಿಗೆ ಹೋಗಿ ಅದನ್ನು ಅಕ್ಕನ ವಿಳಾಸಕ್ಕೆ ರಿಜಿಸ್ಟರ್ ಮಾಡಿದೆವು.

ಉತ್ತರ ಬರಲಿಲ್ಲ. ಎಲೆ ಉದುರುವ ಕಾಲದಲ್ಲಿ ಫೋನ್ ಬಂತು, ಅಕ್ಕ ತೀರಿಕೊಂಡರೆಂದು. ಪಾರ್ಸೆಲ್ ಅದಕ್ಕೆ ಮುಂಚೆ ತಲುಪಿತ್ತೇ, ಯಾರಾದರೂ ಓದಿ ಹೇಳಿದರೇ ಎಂದು ಅಜ್ಜಿ ಮಗಳ ಕೈಯಲ್ಲಿ ಕೇಳಿಸಿದರು. ಆ ಮನೆಯಲ್ಲಿ ಯಾರಿಗೂ ಪಾರ್ಸೆಲ್ಲಿನ ನೆನಪಿರಲಿಲ್ಲ. ಸೊಸೆ ಹುಡುಕಿ ನೋಡುತ್ತೇನೆ ಎಂದಿದ್ದಳಂತೆ, ಅಷ್ಟೇ.

ಅಜ್ಜಿ ಮಾರ್ಕೆಟ್ಟಿಗೆ ಬರುವುದನ್ನು ಬಿಟ್ಟರು. ನಾನು ತಂದುಕೊಟ್ಟ ತರಕಾರಿ ಅಡುಗೆಮನೆಯಲ್ಲಿ ಬಾಡುತ್ತಿತ್ತು. ಊರಿನ ಮಾತನ್ನು ನಾನು ಎತ್ತಿದರೆ "ಯಾವ ಊರು?" ಎನ್ನುತ್ತಿದ್ದರು. ಮರೆವಿನಿಂದಲೋ ಬೇಕೆಂದೋ ತಿಳಿಯುತ್ತಿರಲಿಲ್ಲ. ಮಗಳಿಗೂ ತಿಳಿಯುತ್ತಿರಲಿಲ್ಲ.

ವಸಂತದಲ್ಲಿ ಗಂಡನ ಕರಾರು ಮುಗಿಯಿತು. ಮುಂದುವರಿಸಲಿಲ್ಲ. ಹೊರಡುವ ಹಿಂದಿನ ದಿನ ಕೆಳಗಿನ ಮನೆಗೆ ಹೋಗಿ ಕಾಲು ಮುಟ್ಟಿ ನಮಸ್ಕರಿಸಿದೆ. ಅಜ್ಜಿ ತಲೆಯ ಮೇಲೆ ಕೈ ಇಟ್ಟರು. ಏನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ. ಅವರು ಕೈ ತೆಗೆದರು, ಟಿ.ವಿ. ಕಡೆ ತಿರುಗಿದರು. ಮಗಳು ಬಾಗಿಲವರೆಗೆ ಬಂದು, ಕಾಗದ ಬರೆಯಿರಿ ಎಂದರು. ಬರೆಯುತ್ತೇನೆ ಎಂದೆ. ಏನೆಂದು ಬರೆಯುವುದೋ ತಿಳಿಯದೆ ಕೊನೆಗೂ ಬರೆಯಲಿಲ್ಲ.