ಆಯುಧಪೂಜೆಗೆ ಮಲಗಿದ ಸರ್ವರ್

ದಾನೇಶ್ವರಿ ಮುದ್ದೇಬಿಹಾಳದ ಕಡೆಯವಳು. ಡಿಪ್ಲೊಮಾ ಮುಗಿಸಿ ಬಂದು ಪೀಣ್ಯದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ನಾನು ಎಲೆಕ್ಟ್ರಿಷಿಯನ್ ಆಗಿದ್ದ ಪಂಪ್ ಕಾರ್ಖಾನೆಯಲ್ಲೇ ಅವಳಿಗೆ ಕಂಪ್ಯೂಟರ್ ಕೆಲಸ, ಕಾಂಟ್ರಾಕ್ಟ್ ಮೇಲೆ. ೨೦೧೧ರಲ್ಲಿ ಮ್ಯಾನೇಜರ್ ಪ್ರಸನ್ನ ಅವಳಿಗೊಂದು ಮಾತು ಕೊಟ್ಟರು. ಮೂರು ಕಡೆ ಸರ್ವರ್ ಜೋಡಿಸಬೇಕು, ದೀಪಾವಳಿಯವರೆಗೆ ಬಿಲ್ಲಿಂಗ್ ಒಂದು ಸಲವೂ ನಿಲ್ಲಬಾರದು. ನಿಲ್ಲದಿದ್ದರೆ ಅವಳು ಕಾಯಂ.

ಅವಳು ನನಗೆ ತಿಳಿಸಿದ್ದು ಹೀಗೆ. ಪೀಣ್ಯದಲ್ಲಿ ಬಿಲ್ ಬರೆದರೆ ಅದೇ ಕ್ಷಣ ನಮ್ಮ ದೊಡ್ಡನೆಕ್ಕುಂದಿ ಶಾಖೆಯ ಸರ್ವರಿನಲ್ಲೂ ಅದೇ ಬಿಲ್ ಮೂಡಬೇಕು, ಕನ್ನಡಿಯಲ್ಲಿ ಮುಖ ಕಂಡ ಹಾಗೆ. ಮಾಕಳಿ ಗೋದಾಮಿನ ಮೂರನೆಯದು ಸಣ್ಣದು, ಬಿಲ್ ಬರೆಯುವುದಿಲ್ಲ, ಉಳಿದೆರಡು ಎದ್ದಿವೆಯೇ ಎಂದು ನೋಡುವ ಬರೀ ಸಾಕ್ಷಿ. ಒಂದು ಕೆಟ್ಟರೆ ಉಳಿದೆರಡು ಮಾತಾಡಿಕೊಂಡು ಕೆಲಸ ನಡೆಸುತ್ತವೆ. ಎರಡು ಸುಮ್ಮನಾದರೆ, ಒಂಟಿಯಾಗಿ ಉಳಿದದ್ದು ತನ್ನನ್ನೇ ನಂಬದೆ ತಾನೂ ನಿಂತುಬಿಡುತ್ತದೆ.

ಮಾಕಳಿಯಲ್ಲಿ ವೈರಿಂಗ್ ಮಾಡಿದ್ದು ನಾನೇ. ಗೋದಾಮು ನೋಡಿಕೊಳ್ಳುವವರಲ್ಲಿ ಒಬ್ಬಳಾದ ಪಿಳ್ಳಮ್ಮನಿಗೆ ದಾನೇಶ್ವರಿ, "ಈ ಸ್ವಿಚ್ ಮುಟ್ಟಬ್ಯಾಡ್ರಿ ಅಮ್ಮಾ" ಎಂದಳು.

"ನಾನ್ಯಾಕ್ ಮುಟ್ಲವ್ವಾ, ಕರೆಂಟ್ ಒಡ್ದು ಸಾಯಾಕಾ?"

ಆಯುಧಪೂಜೆ ಬಂತು. ಪೀಣ್ಯದಲ್ಲಿ ಮಧ್ಯಾಹ್ನ ಗೇಟಿನ ಮುಂದೆ ಬೂದುಗುಂಬಳ ಒಡೆದೆವು. ಚೆನ್ನೈ ಬಂದರಿನ ಲಾರಿಗೆ ಮಾತ್ರ ಲೋಡಿಂಗ್ ನಡೆದಿತ್ತು. ಬಿಲ್ ನಿಂತಿತು; ಬಿಲ್ ಇಲ್ಲದೆ ಲಾರಿ ಗೇಟು ದಾಟುವಂತಿರಲಿಲ್ಲ.

"ಏನ್ರೀ ಇದು, ಮೂರಿಟ್ಕೊಂಡು ಒಂದೂ ಓಡಲ್ವಾ?" ಪ್ರಸನ್ನ ಕೂಗಾಡಿದರು.

ದೊಡ್ಡನೆಕ್ಕುಂದಿಯಲ್ಲಿ ಫೋನೇ ಎತ್ತಲಿಲ್ಲ; ಪೂಜೆ ಮುಗಿಸಿ ಮೇನ್ ಸ್ವಿಚ್ ಇಳಿಸಿ ಎಲ್ಲರೂ ಮನೆಗೆ ಹೋಗಿದ್ದರು. ನಾನು ಪಿಳ್ಳಮ್ಮನಿಗೆ ಫೋನ್ ಮಾಡಿದೆ.

"ಪೂಜೆ ಮಾಡಿದ್ ಮಿಷನ್ನ ಯಾರಾನಾ ಓಡುಸ್ತಾರಾ? ಕುಂಕುಮ ಇಕ್ಕಿ ಆರುಸ್ದೆ. ಒಂದಿನಾನಾದ್ರೂ ಮಲಿಕ್ಕಳ್ಳಿ ಅಂತ."

"ಮುಟ್ಬೇಡ ಅಂದಿರ್ಲಿಲ್ವೇನಮ್ಮ?"

"ದಿನಾ ಮುಟ್ಟಲ್ಲ ಕಣಪ್ಪಾ. ಅಬ್ಬದ್ ದಿನಾನೂ ಮುಟ್ಬಾರ್ದಾ?"

ಬಾಯಿಗೆ ಬಂದದ್ದು ಬೈದೆ. ಅವಳು ಸ್ವಿಚ್ ಹಾಕಿದಳು, ಬಿಲ್ ಬಂತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಲಾರಿ ಬಂದರು ಮುಟ್ಟುವ ಮೊದಲೇ ಹಡಗು ಹೋಯಿತು.

ಹಬ್ಬ ಕಳೆದು ಪ್ರಸನ್ನ ಅವಳನ್ನು ಕರೆಸಿದರು. ನಾನು ಬಾಗಿಲಲ್ಲಿದ್ದೆ. ದೊಡ್ಡನೆಕ್ಕುಂದಿಯಲ್ಲಿ ಮೇನ್ ಇಳಿಸಿದ್ದು ಅಲ್ಲಿನ ಸಾಹೇಬರು. ಆ ಮಾತನ್ನು ಮಾತ್ರ ಯಾರೂ ತೆಗೆಯಲಿಲ್ಲ.

"ಮಾಕಳೀಲಿ ಆರಿಸಿದ್ದು ಯಾರು? ಹೆಸ್ರು ಹೇಳಿ. ಅವ್ರನ್ನ ಮನೆಗೆ ಕಳಿಸ್ತೀನಿ, ನಿಮ್ ಕಾಯಂ ಆರ್ಡರ್‌ಗೆ ಸೈನ್ ಹಾಕ್ತೀನಿ."

"ಹಬ್ಬಕ್ಕ ಎಲ್ಲಾ ಕಡೆ ಬಂದ್ ಮಾಡ್ತಾರಂತ ನಾನ ತಿಳ್ಕೋಬೇಕಿತ್ರಿ ಸರ. ನಂದ ತಪ್ಪು."

"ಹಂಗಾದ್ರೆ ನಿಮ್ ಕೆಲ್ಸ ಈ ತಿಂಗಳಿಗೆ ಮುಗೀತು."

"ಹೂನ್ರಿ."

ಬೇರೆ ದಿನವಾಗಿದ್ದರೆ ನಾನು ಮೇಜು ಒದೆಯುತ್ತಿದ್ದೆ. ಅವಳ ಮುಖ ನೋಡಿ ಕಾಲೇ ಏಳಲಿಲ್ಲ.

ಸಂಜೆ ಇಬ್ಬರೂ ನನ್ನ ಸ್ಕೂಟರಿನಲ್ಲಿ ಮಾಕಳಿಗೆ ಹೋದೆವು, ಆ ಸ್ವಿಚ್ಚಿಗೆ ಬೀಗದ ಪೆಟ್ಟಿಗೆ ಕೂರಿಸಲು. ಪಿಳ್ಳಮ್ಮನಿಗೆ ಏನೂ ಗೊತ್ತಿಲ್ಲ. ಪುರಿ, ಬೆಲ್ಲ ತಂದುಕೊಟ್ಟು, "ತಿನ್ನವ್ವಾ, ಸೊರಗೋಗಿದ್ದೀಯ" ಎಂದಳು. ದಾನೇಶ್ವರಿ ತಿಂದಳು.

"ಸಿಟ್ಟು ಬರಲ್ವೇನಮ್ಮ ನಿಂಗೆ?" ಎಂದೆ.

"ಏನೂ ಬರವಲ್ದ್ರಿ ಅಣ್ಣಾರ. ಆ ಸ್ಕ್ರೂ ಕೊಡ್ರಿ."

ಕೊಟ್ಟೆ.