ಕೆಂಚಿಗೆಂದು ಬೆಳೆದ ಕುಪ್ಪಿ ಗಿಡ

ಹೂಕುಂಡದಲ್ಲಿ ತಾನಾಗಿ ಹುಟ್ಟಿದ್ದ ಕುಪ್ಪಿ ಗಿಡವನ್ನು ಮೊನ್ನೆ ಕಿತ್ತೆ. ಬೇರು ಮುರಿದಾಗ ಬಂದ ಆ ಹಸಿ ವಾಸನೆ ನನ್ನನ್ನು ಹರಪನಹಳ್ಳಿಯ ನಮ್ಮ ಹಳೆಯ ಮನೆಯ ಹಿತ್ತಿಲಿಗೆ ಒಯ್ದು ನಿಲ್ಲಿಸಿತು. ನಿಮ್ಮ ಕಡೆಯೂ ಈ ಗಿಡ ಇದ್ದೇ ಇರುತ್ತದೆ. ಗೋಡೆಯ ಬುಡದಲ್ಲಿ, ತಿಪ್ಪೆಯ ಬದಿಯಲ್ಲಿ ಯಾರನ್ನೂ ಕೇಳದೆ ಬೆಳೆಯುವ ಕಳೆ. ನನ್ನ ಅಜ್ಜಿ ಮಾತ್ರ ಅದನ್ನು ಬೆಕ್ಕಿಗೆಂದೇ ಬೆಳೆಸುತ್ತಿದ್ದಳು.

ಬೆಕ್ಕಿನ ಹೆಸರು ಕೆಂಚಿ. ಅದು ಹಾಲು ಕುಡಿಯುತ್ತಿದ್ದದ್ದು ನಮ್ಮ ಮನೆಯಲ್ಲಿ, ಮಲಗುತ್ತಿದ್ದದ್ದು ಮೋಟುಗೋಡೆಯಾಚೆ ಮಾಬುಬಿಯ ಮನೆಯಲ್ಲಿ. ಪಂಪ್‌ಸೆಟ್ ರಿಪೇರಿ ಮಾಡುವ ಗಂಡ ಅಂಗಡಿಗೆ ಹೋದ ಮೇಲೆ, ಮಕ್ಕಳಿಲ್ಲದ ಮಾಬುಬಿಗೆ ಆ ಬೆಕ್ಕೇ ಜೊತೆ. ಅಜ್ಜಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ಕಿತ್ತು ಬಿಸಾಕಿದ ಕುಪ್ಪಿ ಬೇರಿನ ಮೇಲೆ ಕೆಂಚಿ ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಅಂಗಾತ ಹೊರಳಾಡಿದ್ದನ್ನು ಒಮ್ಮೆ ಕಂಡವಳೇ ಬಚ್ಚಲ ಹಿಂದೆ ಮಣ್ಣು ಅಗೆದು ಒಂದು ಮಡಿ ಮಾಡಿ ಕುಪ್ಪಿ ಬೀಜ ಚೆಲ್ಲಿದಳು. ಅಕ್ಕಿ ತೊಳೆದ ನೀರು ಹಾಕಿದಳು. ಕೆಂಚಿ ಅಗೆಯದಂತೆ ಎಳೆ ಸಸಿಗಳ ಮೇಲೆ ಹಳೆಯ ಬುಟ್ಟಿ ಕವುಚಿದಳು. ಗಿಡ ಬಲಿತ ಮೇಲೆ ಒಂದನ್ನಷ್ಟೇ ಕಿತ್ತು, ಬೇರು ತೊಳೆದು, ಬಟ್ಟೆ ಒಗೆಯುವ, ಬಿಸಿಲಿಗೆ ಕಾದ ಕಲ್ಲಿನ ಮೇಲಿಡುವಳು.

"ಊರ ಮಂದಿ ಕಳಿ ಕೀಳ್ತಾರ, ನೀವು ನೀರು ಹಾಕ್ತೀರಲ್ರಿ ಅತ್ತಿ" ಎಂದು ಅವ್ವ ನಗುತ್ತಿದ್ದಳು.

"ನಿನಗ ಕಳಿ. ಕೆಂಚಿಗೆ ಅದು ತವರುಮನಿ."

ಕೆಲವು ದಿನಗಳಲ್ಲೇ ಗೋಡೆಯಾಚೆಯ ಎಣ್ಣೆ ಡಬ್ಬಿಗಳಲ್ಲೂ ಕುಪ್ಪಿ ಗಿಡ ತಲೆ ಎತ್ತಿತು. ಬೀಜ ಗಾಳಿಗೆ ಹಾರಿ ಬಂದಿರಬೇಕೆಂದಳು ಮಾಬುಬಿ. "ಗಾಳಿ ಡಬ್ಬೀನ ಹುಡಿಕ್ಕೊಂಡು ಬಂತೇನು?" ಎಂದಳು ಅಜ್ಜಿ. ಇಬ್ಬರೂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಗೋಡೆಯ ಮೇಲೆ ಕೈಯೂರಿ, ಡಬ್ಬಿಯಲ್ಲಿ ಗಿಡ ಯಾಕೆ ಸೊರಗಿದೆ ಎಂದು ಅಜ್ಜಿಯೇ ವಿಚಾರಿಸುತ್ತಿದ್ದಳು.

ಮಾಬುಬಿಯ ಗಂಡನಿಗೆ ಹೊಸಪೇಟೆಯಲ್ಲಿ ಕೆಲಸ ಸಿಕ್ಕಿತು. ಸಾಮಾನು ಹೇರುವ ದಿನ ಆಕೆ ಗೋಡೆಯ ಬಳಿ ನಿಂತು, "ಬೆಕ್ಕು ಜ್ವಾಕಿ ಅಕ್ಕಾ" ಎಂದಷ್ಟೇ ಹೇಳಿದಳು. ಅಜ್ಜಿ ನೇರ ಮಡಿಗೆ ಹೋದಳು. ಎಲ್ಲ ಗಿಡಗಳನ್ನೂ ಮಣ್ಣು ಸಮೇತ ಎಬ್ಬಿಸಿ ಬುಟ್ಟಿಗಿಟ್ಟಳು. ವಾಸನೆಗೆ ಕೆಂಚಿ ತಾನಾಗಿಯೇ ಬಂದು ಬುಟ್ಟಿಯೊಳಗೆ ಮುದುಡಿತು. ಮೇಲೊಂದು ಬಟ್ಟೆ ಕಟ್ಟಿ ಗೋಡೆಯಾಚೆ ದಾಟಿಸಿದಳು.

"ಹೊಸ ಊರಾಗ ನಿನಗ ಯಾರದಾರ? ತಗೊಂಡು ಹೋಗು."

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಮಾಬುಬಿ ಹೊಸಪೇಟೆಯಿಂದ ಬಂದಳು. ಮಧ್ಯಾಹ್ನವೆಲ್ಲ ಅಜ್ಜಿಯ ಕಾಲು ನೀವುತ್ತ ಕೆಂಚಿಯ ಪುರಾಣ ಹೇಳಿದಳು: ಹಾಲಿನವನ ಸೈಕಲ್ ಏರುತ್ತದಂತೆ, ಈಗಲೂ ಇಲಿ ಹಿಡಿಯುತ್ತದಂತೆ, ಮೊನ್ನೆ ಮತ್ತೆ ಮರಿ ಹಾಕಿತಂತೆ. ಅಜ್ಜಿ ಎಷ್ಟೋ ದಿನಗಳ ಮೇಲೆ ನಕ್ಕಳು. ನಾನೂ ಅವ್ವನೂ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದಾಗ ಮಾಬುಬಿ ಅವ್ವನ ಕೈ ಹಿಡಿದು ಅತ್ತಳು. "ಅದು ಸತ್ತು ವರ್ಷ ಆತು ತಂಗಿ. ಅಕ್ಕನ ಮುಂದ ಹೆಂಗ ಹೇಳ್ಲಿ?"

ಮನೆಗೆ ಬಂದಾಗ ಅಜ್ಜಿ ಎಚ್ಚರವಾಗಿಯೇ ಇದ್ದಳು. ನನ್ನನ್ನು ಹತ್ತಿರ ಕರೆದಳು.

"ಬೆಕ್ಕು ಹೋಗೇತಿ. ಮಾಬುಬಿಗೆ ಸುಳ್ಳು ಹೇಳಾಕ ಬರಂಗಿಲ್ಲ, ಪಾಪ. ಅಷ್ಟು ದೂರದಿಂದ ಸುಳ್ಳು ಹೇಳಾಕ ಅಂತನ ಬಂದಿದ್ಲು ನೋಡು."

ಹಾಗೆಂದು ಗೋಡೆಯ ಕಡೆ ಹೊರಳಿ, ನಗುಮುಖದಲ್ಲೇ ಕಣ್ಣು ಮುಚ್ಚಿ ಮಲಗಿದಳು.